ಪಡಸಾಲೆಯ ಕಾವು

ನಮ್ಮ ಮನೆಯ ಕಾವು ಪಡಸಾಲೆಯಲ್ಲಿ, ಬೀದಿ ಕಡೆಯ ಕಿಟಕಿಯ ಕೆಳಗಿತ್ತು. ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತರೆ ಎಷ್ಟು ಜಾಗ ಬೇಕೋ ಅಷ್ಟೇ ಅಗಲ. ಅದರಾಚೆಯ ಕಲ್ಲು ಬೇರೆಲ್ಲ ಕಲ್ಲಿನ ಹಾಗೆ ತಣ್ಣಗೆ. ನಮ್ಮ ಮನೆಯವರು ದಿನಾ ಅಲ್ಲೇ ಕೂತು ಕ್ಲಾರಿಯೋನೆಟ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುತ್ತಿದ್ದರು. ಅವರನ್ನು ಒಯ್ದವರು ಕ್ಲಾರಿಯೋನೆಟ್ಟನ್ನೂ ಒಯ್ದರು, ಜಾಗ ಮಾತ್ರ ಬೆಚ್ಚಗೆ ಉಳಿಯಿತು. ನಮ್ಮೂರಿನಲ್ಲಿ ಯಾರನ್ನು ಸರಕಾರ ಒಯ್ದರೂ ಹಾಗೇ. ಹೋದವರು ಮನೆಯಲ್ಲಿ ಎಲ್ಲಿ ಹೆಚ್ಚು ಕೂರುತ್ತಿದ್ದರೋ ಅಲ್ಲಿ ನೆಲ ಬೆಚ್ಚಗಿರುತ್ತದೆ. ಬೆಚ್ಚಗಿರುವ ತನಕ ಅವರು ಎಲ್ಲೋ ಇದ್ದಾರೆ, ಉಸಿರಾಡುತ್ತಿದ್ದಾರೆ. ತಣ್ಣಗಾದ ದಿನ ಮನೆಯವರು ತಲೆಗೆ ನೀರು ಹಾಕಿಕೊಂಡು ಸೂತಕಕ್ಕೆ ಕೂರುತ್ತಾರೆ. ಹೋದವರ ಬಗ್ಗೆ ಸರಕಾರ ಎಂದೂ ಬಾಯಿ ಬಿಟ್ಟಿದ್ದಿಲ್ಲ, ನಮಗೆ ನೆಲ ಹೇಳಿದ್ದೇ ಸುದ್ದಿ.

ನಮ್ಮೂರು ಚಳಿಯ ಊರು. ಹಾಲಿಗೆ ಹೆಪ್ಪು ಹಾಕಿಟ್ಟರೆ ಮರುದಿನವೂ ಅದು ಹಾಲಾಗಿಯೇ ಇರುತ್ತದೆ, ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಹೀಗಾಗಿ ಕಾವು ಇದ್ದ ಮನೆಗೆ ಓಣಿಯ ಹೆಂಗಸರೆಲ್ಲ ಪಾತ್ರೆ ಹಿಡಿದುಕೊಂಡು ಬರುತ್ತಿದ್ದರು. ಇಡುವ ಮೊದಲು ಜಾಗಕ್ಕೆ ಹೇಳಿ ಇಡಬೇಕು, ಅದು ರೂಢಿ. "ಅಣ್ಣಾರ, ಸ್ವಲ್ಪ ಸರೀರಿ" ಎಂದು ಕಿಟಕಿಯ ಕೆಳಗಿನ ಖಾಲಿ ನೆಲಕ್ಕೆ ಹೇಳಿ, ಮೊಸರಿನ ಗಡಿಗೆಯನ್ನು ಅಂಚಿಗೆ ಸರಿಸಿಟ್ಟು ಹೋಗುವರು. ಬಾಣಂತಿಯರು ಕೂಸನ್ನು ತಂದು ಮಲಗಿಸುವರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನನ್ನು ಕಳೆದುಕೊಂಡು ನಾನು ಕೂತಿದ್ದರೆ ಇವರಿಗೆ ಮೊಸರಿನ ಚಿಂತೆ! ಆಮೇಲೆ ಒಂದು ದಿನ ನಾನೇ ಹಿಟ್ಟಿನ ಬೋಗುಣಿ ತಂದು, "ರೀ, ಸರೀರಿ ಸ್ವಲ್ಪ" ಅಂದೆ. ಅಂದ ಮೇಲೆ ನಗು ಬಂತು, ನಗುತ್ತಲೇ ಅತ್ತೆ. ಅಂದಿನಿಂದ ನನಗೂ ರೂಢಿಯಾಯಿತು. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಅಲ್ಲಿ ಅಂಗೈ ಊರಿ ನೋಡುವುದು, ಆಮೇಲೆ ಒಲೆ ಹೊತ್ತಿಸುವುದು.

ಉಳಿದ ಹೊತ್ತೆಲ್ಲ ಆ ಜಾಗ ನಮ್ಮ ಅತ್ತೆ ಬಾಳವ್ವನದು. ಆಕೆಗೆ ಎರಡೂ ಮೊಣಕಾಲು ನೋವು. ಕೌದಿ ಹಾಸಿಕೊಂಡು, ಮೊಣಕಾಲು ಕಾವಿಗೆ ತಾಗುವ ಹಾಗೆ ಮಗ್ಗುಲಾಗಿ ಮಲಗಿಬಿಡುವಳು. "ಎಷ್ಟೊತ್ತು ಮಲಗ್ತೀರಿ, ತಂಗೆವ್ವ ಹಿಟ್ಟು ತಂದಾಳ, ಏಳ್ರಿ" ಎಂದರೆ ಕಣ್ಣನ್ನೂ ತೆರೆಯದೆ, "ಹೊಟ್ಟ್ಯಾಗಿದ್ದಾಗ ನಾ ಅವನ್ನ ಬೆಚ್ಚಗ ಇಟ್ಟಿದ್ದೆ. ಈಗ ಅವ ನನ್ನ ಬೆಚ್ಚಗ ಇಡ್ಲಿ. ತಂಗೆವ್ವಂದೇನು ನಡುವ?" ಅನ್ನುವಳು. ನನಗೂ ಆಕೆಗೂ ದಿನಕ್ಕೊಂದು ಜಗಳ ಇದ್ದದ್ದೇ. ಆದರೆ ಮಾತಿನ ಮಧ್ಯೆ ಆಕೆ "ಅವ" ಎಂದಾಗ ನಾನು ಕೌದಿಯ ಅಂಚು ಸರಿಮಾಡಿ ಒಲೆಯ ಕಡೆ ಹೋಗಿಬಿಡುತ್ತಿದ್ದೆ.

ನಮ್ಮವರು ಮಾಡಿದ ತಪ್ಪಾದರೂ ಏನು? ಬಟ್ಟೆ ಗಿರಣಿಯ ಗೇಟಿನ ಮುಂದೆ ಕೆಲಸಗಾರರ ಮೇಲೆ ಗುಂಡು ಹಾರಿದ ಮರುದಿನ ಮಂತ್ರಿಯ ಮೆರವಣಿಗೆ ಇತ್ತು. ಇವರ ಬ್ಯಾಂಡ್ ಸೆಟ್ಟಿಗೇ ಕರೆ ಬಂದಿತ್ತು. ಗಿರಣಿಯ ಹತ್ತಿರ ಬರುತ್ತಿದ್ದಂತೆ ಇವರು ಕ್ಲಾರಿಯೋನೆಟ್ಟನ್ನು ಬಾಯಿಯಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡರಂತೆ. ಕೂಗಲಿಲ್ಲ, ಕಲ್ಲು ಎಸೆಯಲಿಲ್ಲ, ಊದಲಿಲ್ಲ ಅಷ್ಟೆ. ಸಂಜೆ ಜೀಪು ಬಂತು. ಗುಡ್ಡದ ಮೇಲೆ ಹಳೆಯ ಕಾಗದದ ಕಾರ್ಖಾನೆಯೊಂದಿದೆ, ಅಲ್ಲಿ ಇಟ್ಟಿದ್ದಾರೆ ಎಂದು ಊರಿಗೆಲ್ಲ ಗೊತ್ತು. ಅದು ಖಾಲಿ ಕಟ್ಟಡ ಎಂದು ಸರಕಾರಕ್ಕೆ ಗೊತ್ತು.

ಇಂಥ ಊರಿಗೆ ಜಗತ್ತಿನ ಮಾನವ ಹಕ್ಕುಗಳ ಸಮ್ಮೇಳನ ಬರುತ್ತದೆ ಎಂದು ಸುದ್ದಿಯಾದಾಗ ನಾವು ಯಾರೂ ನಂಬಲಿಲ್ಲ. ನಮ್ಮೂರಿಗೆ ಒಳ್ಳೆಯ ಸರ್ಕಸ್ಸೂ ಬಂದಿದ್ದಿಲ್ಲ. ಆದರೆ ಲಾರಿಗಟ್ಟಲೆ ಸುಣ್ಣ ಬಂತು. ಕಂಬಗಳಿಗೆ ಬಣ್ಣ ಬಿತ್ತು, ಬೀದಿ ನಾಯಿಗಳನ್ನು ಹಿಡಿದು ಎಲ್ಲಿಗೋ ಸಾಗಿಸಿದರು. ಶಾಲೆಯ ಮಕ್ಕಳು ಬೆಳಗಾದರೆ ಹಕ್ಕುಗಳ ಮೇಲೆ ಹಾಡು ಹೇಳುತ್ತ ಸಾಲಾಗಿ ತಿರುಗತೊಡಗಿದವು. ಪೊಲೀಸರಿಗೆ ಬಿಳಿ ಕೈಗವಸು ಕೊಟ್ಟು, ಎದುರು ಬಂದವರಿಗೆಲ್ಲ ಸಲಾಮು ಹೊಡೆಯಬೇಕು ಎಂದು ಕಲಿಸಿದರು. ಸಂತೆಯಲ್ಲಿ ನಾನು ಮೆಂತ್ಯದ ಸೂಡಿಗೆ ಚೌಕಾಸಿ ಮಾಡುತ್ತಿದ್ದಾಗ ಒಬ್ಬ ಹವಾಲ್ದಾರ ನನ್ನೆದುರು ಹಿಮ್ಮಡಿ ಕೂಡಿಸಿ ಸಲಾಮು ಹೊಡೆದ. ನನ್ನ ಕೈಯಿಂದ ಚೀಲ ಬಿದ್ದು ಬದನೆಕಾಯಿ ಉರುಳಿದವು. ಅವನೇ ಬಗ್ಗಿ ಆರಿಸಿಕೊಟ್ಟ. ಹೆದರಿಕೆ ಎಂದರೆ ಅದು.

ಸಿದ್ಧತೆಗೆಂದು ಬಂದ ಅಧಿಕಾರಿಯ ಹೆಸರು ಪದ್ಮರಾಜ. ತೆಳ್ಳಗಿನ ಮನುಷ್ಯ, ಮಾತು ಬಹಳ ಮೆತ್ತಗೆ. ಚಪ್ಪಲಿ ಹೊರಗೆ ಬಿಟ್ಟೇ ಮನೆಯೊಳಗೆ ಬರುವನು, ಕೊಟ್ಟ ನೀರು ಕುಡಿಯುವನು. ವಿದೇಶದವರು ನಮ್ಮ ಕಾವಿನ ವಿಷಯ ಹೇಗೋ ಕೇಳಿಕೊಂಡಿದ್ದರಂತೆ, ಬೀದಿಯಲ್ಲಿ ನಡೆದು ಬೇಕಾದ ಮನೆಗೆ ಹೊಕ್ಕು ನೋಡುತ್ತೇವೆ ಎಂದಿದ್ದರಂತೆ. ಹೀಗಾಗಿ ಅತಿಥಿಗಳು ನಡೆಯುವ ಬೀದಿಗಳಲ್ಲಿ ನೆಲ ತಣ್ಣಗಿರಬೇಕು ಎಂದು ಮೇಲಿನಿಂದ ಹುಕುಂ. ನಮ್ಮ ಓಣಿ ಆ ದಾರಿಯಲ್ಲೇ ಇತ್ತು.

ಮೊದಲು ಅವರು ಮಂಜುಗಡ್ಡೆ ತಂದರು. ಮೀನು ಮಾರುಕಟ್ಟೆಯ ಲಾರಿಯಲ್ಲಿ ತಂದ ಗಡ್ಡೆಗಳನ್ನು ದರ್ಜಿ ಇಮಾಮಸಾಬನ ಮನೆಯ ಕಾವಿನ ಮೇಲೆ ಒಟ್ಟಿದರು. ಅದು ಅವನ ತಮ್ಮನ ಜಾಗ. ಗಡ್ಡೆಯೆಲ್ಲ ಕರಗಿ ಮನೆ ತುಂಬ ನೀರಾಗಿ, ಹೊಲಿಯಲು ಕೊಟ್ಟಿದ್ದ ಮದುವೆ ಬಟ್ಟೆಗಳು ಮೀನು ನಾತ ಹೊಡೆದವು, ನೆಲ ಮಾತ್ರ ಹಾಗೇ ಬೆಚ್ಚಗಿತ್ತು. ಆಮೇಲೆ ಮೂಲೆಮನೆಯಲ್ಲಿ ನೆಲ ಅಗೆದರು. ಆಳು ಮುಳುಗುವಷ್ಟು ಅಗೆದರೂ ಮಣ್ಣು ಬೆಚ್ಚಗೇ ಬಂತು. ಮೇಲೆ ಮರದ ಹಲಗೆ ಹಾಸಿ ಮೊಳೆ ಹೊಡೆದರೆ ಹಲಗೆಯೇ ಬೆಚ್ಚಗಾಯಿತು. ಓಣಿಯವರು ಬಾಗಿಲಲ್ಲಿ ನಿಂತು ನೋಡಿ ನೋಡಿ ನಕ್ಕೆವು. ಇಷ್ಟು ವರ್ಷಕ್ಕೆ ಒಮ್ಮೆ ಸರಕಾರದ ಕೈಲಾಗದ ಕೆಲಸವೊಂದು ನಮ್ಮ ಮನೆಗಳಲ್ಲಿ ಇತ್ತಲ್ಲ, ಅದರ ಖುಷಿ.

ಪದ್ಮರಾಜ ಸ್ವಲ್ಪ ದಿನ ಕಾಣಲಿಲ್ಲ. ಮತ್ತೆ ಬಂದಾಗ ಅವನ ಮುಖದಲ್ಲಿ ಕಳೆ ಇತ್ತು. ಪಕ್ಕದ ಮನೆ ತಂಗೆವ್ವನ ಕಟ್ಟೆಯ ಮೇಲೆ ಕೂತು ಓಣಿಯವರನ್ನೆಲ್ಲ ಕರೆದ. "ಮುಚ್ಚಿಡೋದು ಬೇಡ ಅಂತ ಮೇಲಿನವರು ತೀರ್ಮಾನ ಮಾಡಿದ್ದಾರೆ ತಾಯಂದಿರಾ. ನೀವೇ ನಿಮ್ಮ ನಿಮ್ಮ ಕಾವಿನ ಸುತ್ತ ಚೆಂದಗೆ ರಂಗೋಲಿ ಹಾಕಿ. ಯಾರ ಜಾಗ ಅಂತ ನನಗೆ ಹೇಳಿ. ಅತಿಥಿಗಳನ್ನ ನಾನೇ ಕರೆದುಕೊಂಡು ಬಂದು ತೋರಿಸ್ತೀನಿ. ಅವರ ಮುಂದೆ ಎಲ್ಲರನ್ನೂ ಮನೆಗೆ ಕಳಿಸಿಕೊಡೋ ಏರ್ಪಾಡು ನಡೀತಿದೆ," ಎಂದ. ತಂಗೆವ್ವ ಎದ್ದು ಹೋಗಿ ಅವನ ಕಾಲಿಗೆ ಬಿದ್ದಳು. ಅವಳ ಒಬ್ಬನೇ ಮಗ ಶಿವಪುತ್ರ, ಇನ್ನೂ ಮೀಸೆ ಬಲಿಯದ ಹುಡುಗ, ಅಡುಗೆಮನೆಯ ಹೊಸ್ತಿಲ ಬಳಿ ಕೂತು ಉಣ್ಣುತ್ತಿದ್ದ ಜಾಗ ಬೆಚ್ಚಗಿಟ್ಟು ಹೋಗಿದ್ದ.

ಆ ಮಧ್ಯಾಹ್ನ ಓಣಿಯಲ್ಲಿ ಹಬ್ಬವೋ ಹಬ್ಬ. ಕೆಮ್ಮಣ್ಣು ಕಲಸುವವರೇನು, ರಂಗೋಲಿ ಪುಡಿ ಸೋಸುವವರೇನು! ತಂಗೆವ್ವ ಹೊಸ್ತಿಲ ಮುಂದೆ ಎಂಟು ದಳದ ಹೂವು ಬರೆದು, ನಡುವಿನ ಬೆಚ್ಚನೆಯ ಜಾಗವನ್ನು ಖಾಲಿ ಬಿಟ್ಟಳು. ಇಮಾಮಸಾಬ ಬಣ್ಣದ ಬಟ್ಟೆಯ ಚೂರುಗಳನ್ನು ಜೋಡಿಸಿ ಅಂಚು ಕಟ್ಟಿದ. ಯಾರ ಜಾಗ ಎಂದು ಕೇಳಿದಾಗಲೆಲ್ಲ ಜನ ಹೆಸರು ಕೂಗಿ ಹೇಳಿದರು, ಅಪ್ಪನ ಹೆಸರು ಸೇರಿಸಿ ಹೇಳಿದರು. ಅಷ್ಟು ವರ್ಷ ಪಿಸುಮಾತಿನಲ್ಲಿ ಹೇಳುತ್ತಿದ್ದ ಹೆಸರುಗಳವು. ಪದ್ಮರಾಜ ಪ್ರತಿ ಮನೆಯಲ್ಲೂ ಬಗ್ಗಿ ಅಂಗೈ ಊರಿ, ತಲೆಯಾಡಿಸಿ, ಮುಂದಿನ ಮನೆಗೆ ಹೋದ.

ನಾನೂ ಕೆಮ್ಮಣ್ಣು ಕಲಸಿಟ್ಟಿದ್ದೆ. ಆದರೆ ಅತ್ತೆ ಏಳಬೇಕಲ್ಲ! ಕೌದಿಯನ್ನು ಕತ್ತಿನ ತನಕ ಎಳೆದುಕೊಂಡು ಮಲಗಿದ್ದಳು. "ಅತ್ತಿ, ಏಳ್ರಿ, ಸಾಹೇಬ್ರು ಬಂದಾರ" ಎಂದೆ. ಪದ್ಮರಾಜ ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ನಿಮ್ಮ ಮನೆಯಿಂದಲೂ ಒಬ್ಬರು ಹೋಗಿದ್ದಾರಲ್ಲವಾ ತಾಯಿ? ಬ್ಯಾಂಡಿನವರು?" ಎಂದು ಕೇಳುತ್ತ ಬಗ್ಗಿದ. ಅತ್ತೆ ಎದ್ದು ಕೂರದೆಯೇ ಗುಡುಗಿದಳು. "ಯಾವ ಕಾವಪ್ಪಾ? ನಮ್ಮನಿದು ಎಂದೋ ತಣ್ಣಗಾಗೇತಿ. ಕರ್ಮಾ ಮಾಡಿ ಕೈ ತೊಳಕೊಂಡೀವಿ. ಮುದುಕಿ ಮಲಗಿದ ಹಾಸಿಗ್ಯಾಗ ಕೈ ಹಾಕ್ತಿಯೇನು ನೀ? ನಿನಗ ಅವ್ವ ಇಲ್ಲೇನು?" ಅವನು ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಛೆ, ತಪ್ಪಾಯಿತು ತಾಯಿ" ಎಂದು ನನ್ನ ಕಡೆಗೂ ನೋಡದೆ ಹೊರಟು ಹೋದ.

ನನಗೆ ತಲೆ ಸಿಡಿಯಿತು. "ಹೆತ್ತ ಮಗ ಸತ್ತಾನ ಅಂತ ಬಾಯಿಬಿಟ್ಟು ಹೇಳ್ತೀರಲ್ರಿ! ಎಲ್ಲಾರ ಮನಿಯವ್ರೂ ಬರ್ತಾರ, ನಮ್ಮನಿಯವ್ರು ಅಷ್ಟ ಅಲ್ಲೇ ಕೊಳೀಬೇಕೇನು?" ಎಂದು ಕೂಗಾಡಿದೆ. ಅತ್ತೆ ಗೋಡೆಯ ಕಡೆ ತಿರುಗಿಕೊಂಡು, "ಸರಕಾರ ಕೇಳಿದ್ದನ್ನ ಕೊಡಬಾರದು. ಏನ ಕೇಳಿದ್ರೂ ಕೊಡಬಾರದು. ಒಲಿ ಬೂದಿ ಕೇಳಿದ್ರೂ ಇಲ್ಲ ಅನಬೇಕು" ಎಂದಳು. ನಾನು ಕಲಸಿಟ್ಟ ಕೆಮ್ಮಣ್ಣನ್ನು ಹಿತ್ತಿಲಿಗೆ ಸುರಿದೆ. ಆಕೆಯ ಜೊತೆ ಮಾತು ಬಿಟ್ಟೆ, ತಟ್ಟೆಯನ್ನು ಸದ್ದಾಗುವ ಹಾಗೆ ಕುಕ್ಕಿ ಇಡುತ್ತಿದ್ದೆ. ಓಣಿಯಲ್ಲಿ ಎಲ್ಲರ ಮನೆಯಲ್ಲಿ ರಂಗೋಲಿ, ನಮ್ಮ ಮನೆಯಲ್ಲಿ ಮಾತ್ರ ಮುದುಕಿಯ ಕೌದಿ ಎಂದು ನನಗೆ ನಾಚಿಕೆಯೂ ಆಗಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ತಂಗೆವ್ವನ ಕೂಗು ಕೇಳಿದಾಗ ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಕೊಡ ಅಲ್ಲೇ ಬಿಟ್ಟು ಓಡಿದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಬೋರಲಾಗಿ ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡಿದ್ದಳು. ರಂಗೋಲಿ ಅರ್ಧ ಅವಳ ಸೀರೆಗೆ, ಅರ್ಧ ಮುಖಕ್ಕೆ ಮೆತ್ತಿತ್ತು. "ನೋಡ, ಕಸ್ತೂರಿ, ನೀ ನೋಡ. ನನ್ನ ಕೈ ಮರಗಟ್ಟೇತಿ, ನನಗ ತಿಳಿವಲ್ದು. ನೀ ಮುಟ್ಟಿ ಹೇಳ" ಎಂದಳು. ನಾನು ಮುಟ್ಟಿದೆ. ಬಾವಿಯ ಕಲ್ಲು ಮುಟ್ಟಿದ ಹಾಗಾಯಿತು.

ಅವಳನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಇಮಾಮಸಾಬನ ಮನೆಯಿಂದ ಸದ್ದು ಬಂತು. ಆಮೇಲೆ ಮೂಲೆಮನೆಯಿಂದ. ಆಮೇಲೆ ಎಲ್ಲಿಂದ ಎಂದು ಹೇಳಲಾಗದ ಹಾಗೆ ಓಣಿ ತುಂಬ ಗೋಳು. ನಾನು ಒಂದೊಂದೇ ಮನೆ ಹೊಕ್ಕು ನೆಲ ಮುಟ್ಟುತ್ತ ಹೋದೆ. ಎಲ್ಲ ಕಡೆ ರಂಗೋಲಿ ಅಳಿಯದೆ ಹಾಗೇ ಇತ್ತು, ಬಣ್ಣವೂ ಮಾಸಿರಲಿಲ್ಲ, ನಡುವೆ ಬಿಟ್ಟ ಜಾಗ ಮಾತ್ರ ತಣ್ಣಗೆ. ಇಮಾಮಸಾಬನ ಮನೆಯ ಬಟ್ಟೆಯ ಅಂಚಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಾಗ ನನಗೆ ತಿಳಿಯಿತು. ನೆಲ ತಣ್ಣಗಾಗಿಸಲು ಮಂಜುಗಡ್ಡೆ ಬೇಕಿಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಖಾಲಿ ಎಂದ ಕಟ್ಟಡದಲ್ಲಿ ಯಾರ ಹೆಸರನ್ನೂ ಬರೆದಿಡುವಂತಿರಲಿಲ್ಲ, ಯಾವ ಮನೆಯಲ್ಲಿ ನೆಲ ಬೆಚ್ಚಗಿದೆ, ಅದು ಯಾರದು ಎಂದಷ್ಟೇ ಅವರಿಗೆ ಬೇಕಿತ್ತು. ಅದನ್ನು ನಾವೇ ಬಣ್ಣ ಬಳಿದು ತೋರಿಸಿದ್ದೆವು.

ಮನೆಗೆ ಬಂದವಳೇ ಅತ್ತೆಯ ಕೌದಿಯ ಕೆಳಗೆ ಕೈ ತೂರಿಸಿದೆ. ಬೆಚ್ಚಗಿತ್ತು. ಆಕೆಯ ಕಾಲು ಹಿಡಿದುಕೊಂಡು ಅತ್ತುಬಿಟ್ಟೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟು, "ಬಾಗಲಾ ಹಾಕಿ ಬಾ ಮೊದಲ" ಎಂದಳು.

ಮಧ್ಯಾಹ್ನ ಪದ್ಮರಾಜ ಬಂದು ಪ್ರತಿ ಮನೆಯ ನೆಲ ಮುಟ್ಟಿ ನೋಡಿದ. ಮುಖ ಸಣ್ಣದು ಮಾಡಿಕೊಂಡು "ಪಾಪ, ಪಾಪ" ಎನ್ನುತ್ತಿದ್ದ. ಹೋಗುವಾಗ ಓಣಿಯ ನಡುವೆ ನಿಂತು, ಸಮ್ಮೇಳನ ಮುಗಿಯುವ ತನಕ ಯಾರೂ ಜೋರಾಗಿ ಅಳಬಾರದು, ಸೂತಕಕ್ಕೆ ಕೂರಬಾರದು, ಬಾಗಿಲು ಮುಚ್ಚಬಾರದು ಎಂದು ತಿಳಿಸಿದ. "ಅತಿಥಿಗಳು ಹೋದ ಮೇಲೆ ನಿಮ್ಮ ಶಾಸ್ತ್ರ ಎಲ್ಲ ಮಾಡ್ಕೊಳ್ಳಿ. ಸಾಮಾನು ಬೇಕಾದ್ರೆ ಸರಕಾರದಿಂದಲೇ ಕೊಡಿಸ್ತೀನಿ" ಎಂದ. ಅಳುವನ್ನೂ ಮುಂದಕ್ಕೆ ಹಾಕಲು ಬರುತ್ತದೆ ಎಂದು ಅಂದು ಮೊದಲ ಸಲ ನನಗೆ ಗೊತ್ತಾಯಿತು. ಜನ ಮುಂದಕ್ಕೆ ಹಾಕಿದರು ಕೂಡ. ಸೆರಗು ಬಾಯಿಗೆ ತುರುಕಿಕೊಂಡು ರೊಟ್ಟಿ ಬಡಿದರು, ಅಂಗಳ ಗುಡಿಸಿದರು.

ನಮ್ಮ ನೆಲ ಬೆಚ್ಚಗಿದೆ ಎಂದು ಗೊತ್ತಿದ್ದವರು ಓಣಿಯವರೆಲ್ಲ. ಎಷ್ಟು ಸಲ ಮೊಸರು ಇಟ್ಟಿರಲಿಲ್ಲ ಅವರು! ಯಾರಾದರೂ ಒಬ್ಬರು ಸಂಕಟಕ್ಕೆ ಬಾಯಿ ಬಿಟ್ಟರೆ ಮುಗಿಯಿತು. ನನ್ನ ಜೀವ ಕೈಯಲ್ಲಿತ್ತು. ಆದರೆ ಯಾರೂ ಬಿಡಲಿಲ್ಲ. ತಂಗೆವ್ವ ಮಾತ್ರ ಒಂದು ಸಂಜೆ ಹಿತ್ತಿಲ ಬಾಗಿಲಿನಿಂದ ಬಂದು, "ಒಂದೀಟು ಮುಟ್ಲೇನ ಯಕ್ಕಾ?" ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಕೌದಿ ಸರಿಸಿದಳು. ತಂಗೆವ್ವ ಎರಡೂ ಅಂಗೈ ಊರಿ ಕೂತಳು. ಏಳುವಾಗ, "ಹಿಂಗ ಇತ್ತು ನಮ್ಮ ಶಿವಪುತ್ರಂದೂ. ಇದನ್ನರ ಉಳಿಸ್ಕೊಳ್ರಿ" ಎಂದು ಹೋದಳು. ನಾನೂ ಅತ್ತೆಯೂ ಅಂದಿನಿಂದ ಪಾಳಿ ಹಾಕಿಕೊಂಡೆವು. ಆಕೆ ಹಿತ್ತಿಲಿಗೆ ಹೋದರೆ ನಾನು ಕೌದಿಯ ಮೇಲೆ ಕೂತು ಅಕ್ಕಿ ಆರಿಸುವುದು. ಆ ಜಾಗ ಒಂದು ಗಳಿಗೆಯೂ ಬರಿದಾಗಿರದಂತೆ ನೋಡಿಕೊಂಡೆವು.

ಅತಿಥಿಗಳು ಬಂದ ದಿನ ಬೀದಿಗೆ ಹೂವು ಚೆಲ್ಲಿದ್ದರು. ಎಲ್ಲ ಮನೆಯ ಬಾಗಿಲುಗಳೂ ಹುಕುಮಿನಂತೆ ತೆರೆದಿದ್ದವು. ಗುಂಪಾಗಿ ಬಂದವರು ಇಮಾಮಸಾಬನ ಮನೆ ಹೊಕ್ಕರು, ತಂಗೆವ್ವನ ಮನೆ ಹೊಕ್ಕರು, ಕೈಯಲ್ಲಿದ್ದ ಬಿಸಿ ಅಳೆಯುವ ಯಂತ್ರವನ್ನು ನೆಲಕ್ಕೆ ಹಿಡಿದು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿ ಹೊರಗೆ ಬಂದರು. ಪದ್ಮರಾಜ ಕೈ ಕಟ್ಟಿಕೊಂಡು ನಗುತ್ತ ಹಿಂದೆ ಹಿಂದೆ. ನಮ್ಮ ಮನೆಯನ್ನು ದಾಟಿ ಮುಂದೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರು ಬಿಟ್ಟೆ.

ಗುಂಪಿನ ಹಿಂದೆ ಒಬ್ಬ ವಯಸ್ಸಾದ ಹೆಂಗಸು ಉಳಿದುಕೊಂಡಿದ್ದಳು. ಬಿಳಿ ಕೂದಲು, ಎತ್ತರದ ಆಳು, ಬಲಗಾಲು ಎಳೆದು ಹಾಕುತ್ತಿದ್ದಳು. ನಮ್ಮ ಕಟ್ಟೆಯ ಹತ್ತಿರ ಬಂದು ಕಂಬ ಹಿಡಿದು ನಿಂತಳು, ಮೊಣಕಾಲು ತಿಕ್ಕಿಕೊಂಡಳು. ಜೊತೆಗಿದ್ದ ದುಭಾಷಿ ಹುಡುಗಿ ಇಣುಕಿ, "ಇವರಿಗೆ ಕಾಲು ನೋಯ್ತಾ ಇದೆ, ಒಂದು ನಿಮಿಷ ಕೂತ್ಕೊಳ್ಳಬಹುದಾ?" ಎಂದಳು. ನಾನು ಕುರ್ಚಿ ತರಲು ಒಳಗೆ ತಿರುಗಿದೆ. ತಿರುಗಿದ್ದಷ್ಟೇ. ಹಿಂದಿನಿಂದ ಅತ್ತೆಯ ದನಿ ಕೇಳಿತು. "ಅಯ್ಯ, ನಿನಗೂ ಮೊಣಕಾಲ ಬ್ಯಾನಿ ಏನವ್ವ? ಬಾ, ಬಾ, ಇಲ್ಲಿ ಕೂಡು. ಕುರ್ಚಿ ಬ್ಯಾಡ, ಇಲ್ಲಿ ಕಾಲ ಚಾಚು, ಚಲೋ ಅನಸ್ತೈತಿ." ನಾನು ಕುರ್ಚಿ ಹಿಡಿದು ಬರುವಷ್ಟರಲ್ಲಿ ಅತ್ತೆ ಕೌದಿ ಸಮೇತ ಪಕ್ಕಕ್ಕೆ ಸರಿದಿದ್ದಳು, ಆ ಹೆಂಗಸು ಕಿಟಕಿಯ ಕೆಳಗೆ ಬರಿ ಕಲ್ಲಿನ ಮೇಲೆ ಕೂತಾಗಿತ್ತು. ಸರಕಾರಕ್ಕೆ ಬೂದಿಯನ್ನೂ ಕೊಡಬಾರದು ಎಂದ ಅದೇ ಅತ್ತೆ ಈಕೆ. ಆದರೆ ಎದುರಿಗೆ ಬಂದದ್ದು ನೋಯುವ ಮೊಣಕಾಲು, ಮನೆಗೆ ಬಂದ ಹೆಂಗಸು. ಆಕೆಗೆ ಬೇರೆ ಏನೂ ಕಾಣಿಸಲಿಲ್ಲ.

ಆ ಹೆಂಗಸಿನ ಮುಖ ಅರಳಿತು. ಕಲ್ಲನ್ನು ಸವರುತ್ತ ಏನೋ ಹೇಳಿದಳು. "ನೆಲ ಎಷ್ಟು ಬೆಚ್ಚಗಿದೆ ಅಂತಿದ್ದಾರೆ. ನೋವು ಇಳೀತಾ ಇದೆಯಂತೆ," ಎಂದು ದುಭಾಷಿ ಹುಡುಗಿ ಗಟ್ಟಿಯಾಗಿ ಹೇಳಿದಳು. "ಮತ್ತ! ನಾ ಏನಂದೆ?" ಎಂದು ಅತ್ತೆ ಹಿಗ್ಗಿ, "ಇರು, ಚಹಾ ಮಾಡಿ ತರ್ತೀನಿ, ಹಂಗ ಹೋಗಬ್ಯಾಡ" ಎನ್ನುತ್ತ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.

ಆಗ ನಾನು ಬಾಗಿಲ ಕಡೆ ನೋಡಿದೆ. ಪದ್ಮರಾಜ ಹೊಸ್ತಿಲಲ್ಲಿ ನಿಂತಿದ್ದ. ಯಾವಾಗ ಬಂದನೋ. ನನ್ನನ್ನೇ ನೋಡುತ್ತಿದ್ದ, ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಮರೆತ ಸಾಮಾನು ಸಿಕ್ಕಿದವನ ಹಾಗೆ ತಲೆ ಅಲ್ಲಾಡಿಸಿದ. ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದ. ಕಿಟಕಿಯಿಂದ ನನಗೆ ಕಾಣಿಸುತ್ತಿತ್ತು: ಬೀದಿಯ ಆಚೆ ಬದಿಗೆ ಹೋಗಿ ಫೋನು ಕಿವಿಗಿಟ್ಟುಕೊಂಡ. ಬಹಳ ಮಾತಾಡಲಿಲ್ಲ. ಎರಡು ಮಾತು, ಅಷ್ಟೆ.

ಕುರ್ಚಿ ನನ್ನ ಕೈಯಿಂದ ಜಾರಿತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ನಾನು ಆ ಹೆಂಗಸಿನ ಮುಂದೆ ಮಂಡಿಯೂರಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. "ಏಳಬ್ಯಾಡ್ರಿ. ಇದು ನನ್ನ ಗಂಡ ಕೂಡೋ ಜಾಗ. ಅವ್ರು ಬದುಕ್ಯಾರ, ಅದಕ್ಕ ಬೆಚ್ಚಗೈತಿ. ಗುಡ್ಡದ ಮ್ಯಾಲಿನ ಕಾರ್ಖಾನ್ಯಾಗ ಇಟ್ಟಾರ. ಈ ಓಣ್ಯಾಗ ಎಲ್ಲಾರ ಮನಿಯಾಗೂ ಹಿಂಗ ಇತ್ತು, ನೀವು ಬರ್ತೀರಂತ ತಣ್ಣಗ ಮಾಡ್ಯಾರ. ಈಗ ಇದನ್ನೂ ಮಾಡ್ತಾರ. ನಿಮ್ಮವ್ರನ್ನ ಕರೀರಿ, ಈಗ, ಈಗಿಂದೀಗ ಗುಡ್ಡಕ್ಕ ಹೋಗ್ರಿ" ಎಂದೆ. ದುಭಾಷಿ ಹುಡುಗಿ ತುಟಿ ಕಚ್ಚಿಕೊಂಡು ನಿಂತಳು. ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಹೇಳವ್ವಾ, ನಿನ್ನ ಕಾಲ ಬೀಳ್ತೀನಿ, ಹೇಳು" ಎಂದೆ. ಅವಳು ಹೇಳಿದಳು. ತಡವರಿಸುತ್ತ, ದನಿ ತಗ್ಗಿಸಿ, ಆದರೆ ಎಲ್ಲವನ್ನೂ ಹೇಳಿದಳೆಂದು ಆ ಹೆಂಗಸಿನ ಮುಖ ನೋಡಿ ನನಗೆ ಗೊತ್ತಾಯಿತು.

ಆಕೆ ಬೀದಿಯ ಕಡೆಗೆ ತಿರುಗಿ ತನ್ನವರನ್ನು ಹೆಸರು ಹಿಡಿದು ಕೂಗಿದಳು. ಒಬ್ಬ ಓಡಿ ಬಂದ, ಆಕೆ ಹೇಳಿದ್ದನ್ನು ಕೇಳಿ ಹಾಗೇ ಓಡಿ ಹೋದ. ಆಕೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ನನ್ನ ಕೈಯನ್ನು ಬಿಗಿಯಾಗಿ ಹಿಡಿದು ಏನೋ ಕೇಳಿದಳು. "ಅವರ ಹೆಸರೇನು ಅಂತ ಕೇಳ್ತಿದ್ದಾರೆ" ಎಂದಳು ಹುಡುಗಿ. ಮದುವೆಯಾದಾಗಿನಿಂದ ನಾನು ಗಂಡನ ಹೆಸರು ಹೇಳಿದವಳಲ್ಲ, ನಮ್ಮಲ್ಲಿ ಹೇಳುವುದಿಲ್ಲ. "ಅಡಿವೆಪ್ಪ" ಎಂದೆ. ನನ್ನ ಬಾಯಲ್ಲೇ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿಸಿತು. ಇನ್ನೊಮ್ಮೆ, ಗಟ್ಟಿಯಾಗಿ, "ಅಡಿವೆಪ್ಪ" ಎಂದೆ. ಆಕೆಯೂ ಅಂದು ನೋಡಿದಳು, ಸರಿಯಾಗಿ ಬರಲಿಲ್ಲ, ಮತ್ತೊಮ್ಮೆ ಅಂದಳು. ಬೀದಿಯಲ್ಲಿ ಕಾರು ಹೊರಟ ಸದ್ದು ಕೇಳಿತು. ಗುಡ್ಡದ ಕಡೆಗೇ ಹೊರಟಿದೆ ಎಂದು ಹುಡುಗಿ ಕಿಟಕಿಯಿಂದ ನೋಡಿ ಹೇಳಿದಳು. ಹುಚ್ಚು ಮನಸ್ಸು, ನನಗೆ ಒಂದು ಗಳಿಗೆ ಆಸೆ ಹುಟ್ಟಿತು. ಕಾರು ಎಷ್ಟು ಬೇಗ ಹೋಗಬಹುದು, ಚೆಕ್‌ಪೋಸ್ಟಿನಲ್ಲಿ ವಿದೇಶದವರನ್ನು ತಡೆಯುತ್ತಾರೆಯೇ ಎಂದೆಲ್ಲ ಯೋಚಿಸತೊಡಗಿದೆ.

ಆಕೆ ಮಾತಾಡುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಕೂತಲ್ಲೇ ಸ್ವಲ್ಪ ಅಲುಗಿದಳು. ನನ್ನ ಕೈ ಬಿಟ್ಟು ತನ್ನ ಪಕ್ಕದ ಕಲ್ಲನ್ನು ಮುಟ್ಟಿದಳು, ಮೊಣಕಾಲ ಕೆಳಗಿನ ಕಲ್ಲನ್ನು ಮುಟ್ಟಿದಳು. ಮತ್ತೆ ಮುಟ್ಟಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ನೆಲ ಮುಟ್ಟುವ ಧೈರ್ಯವಾಗಲಿಲ್ಲ.

ಅತ್ತೆ ಚಹಾದ ಬಟ್ಟಲು ಹಿಡಿದುಕೊಂಡು ಹುಷಾರಾಗಿ ಬಂದಳು. ಆ ಹೆಂಗಸಿನ ಮುಖ ನೋಡಿ, "ಯಾಕವ್ವ, ಮತ್ತ ಹಿಡಕೊಂಡತೇನು? ಕಾಲ ಮಡಚಿ ಕೂತಿ ನೋಡು, ಅದಕ್ಕ. ಚಾಚು ಅಂದಿಲ್ಲೇನು ನಾ?" ಎಂದು ಬಟ್ಟಲನ್ನು ಕಿಟಕಿಯ ಮೇಲಿಟ್ಟಳು. ಕಷ್ಟಪಟ್ಟು ಕೆಳಗೆ ಕೂತು, ಅವಳ ಕಾಲನ್ನು ತಾನೇ ಎತ್ತಿ ನೀಡಿಸಿ, ಕಲ್ಲಿನ ಮೇಲೆ ಕೈ ಊರಿದಳು. ಊರಿದ ಕೈ ಅಲ್ಲೇ ನಿಂತಿತು. ಇನ್ನೊಂದು ಕೈಯನ್ನೂ ಊರಿದಳು. ಬೀದಿಯಲ್ಲಿ ಶಾಲೆಯ ಮಕ್ಕಳು ಹಾಡು ಶುರು ಮಾಡಿದ್ದವು. ಅತ್ತೆ ನನ್ನ ಕಡೆ ತಿರುಗಲಿಲ್ಲ.

"ಕಸ್ತೂರಿ," ಎಂದಳು, "ನಾನ ಸರದು ಕೊಟ್ನಲ್ಲಬೇ."